ಖಾಡಿಗೆ ಹೋಗಿ ಖಡಿ ತಂದದ್ದು

ಈ ದಿನ ಮಾಡಿದ ಕೆಲಸಗಳು: ಐದೂವರೆಗೆ ಎದ್ದು ನೀರು ತುಂಬಿಸಿದೆ, ಎರಡು ಡ್ರಮ್ಮು, ಮೂರು ಬಕೆಟು. ನೆನೆಹಾಕಿದ್ದ ಅಕ್ಕಿ ರುಬ್ಬಿ ನೀರುದೋಸೆಯ ಹಿಟ್ಟು ತೆಳ್ಳಗೆ ಮಾಡಿಟ್ಟೆ. ಬದನೆಕಾಯಿ ಪಲ್ಯ ಮಾಡಿದೆ. ಹೆಂಡತಿ ಸುನಂದಾ ಬಾಲವಾಡಿಗೆ ಹೊರಡುವ ಮೊದಲು ಅವಳ ಡಬ್ಬಿ ಕಟ್ಟಿದೆ. ಬಿ.ಪಿ. ಗುಳಿಗೆ ನುಂಗಿದೆ. ಹಳೆಯ ಪಾಟಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಸೀಮೆಸುಣ್ಣ ಸಿಗಲಿಲ್ಲ, ಸುನಂದಾಳ ಚೀಲದಿಂದ ಒಂದು ತುಂಡು ತೆಗೆದುಕೊಂಡೆ. ಏಳಕ್ಕೆ ಜೋಗೇಶ್ವರಿಯ ಗುಡ್ಡದ ಬುಡಕ್ಕೆ ಹೋಗಿ ಒಂದೇ ಒಂದು ಫೋಟೋ ತೆಗೆದೆ. ಅಂಗಡಿ ತೆರೆಯುವುದನ್ನೇ ಕಾದು ಅದರ ಪ್ರಿಂಟ್ ಹಾಕಿಸಿದೆ. ಹತ್ತರ ಲೋಕಲ್ ಹಿಡಿದು ಯಲ್ಲವ್ವ ಮತ್ತು ಅವಳ ಮೊಮ್ಮಗಳು ಪೂಜಾಳ ಜೊತೆ ಬಾಂದ್ರಾಕ್ಕೆ ಹೋದೆ. ಅಲ್ಲಿನ ಕಚೇರಿಯಲ್ಲಿ ಇವತ್ತು ಯಲ್ಲವ್ವನ ವಿಚಾರಣೆ. ಅವಳಿಗೆ ಮನೆ ಸಿಗುತ್ತದೋ, ಇದ್ದದ್ದೂ ಹೋಗುತ್ತದೋ ಎಂದು ತೀರ್ಮಾನವಾಗುವ ದಿನ.

ಹೀಗೆ ಪಟ್ಟಿ ಬರೆಯುವುದು ಮೂವತ್ತೈದು ವರ್ಷದ ಚಟ. ನಾನು ಗ್ರಾಂಟ್ ರೋಡಿನ ಒಂದು ಸಣ್ಣ ಕಚೇರಿಯಲ್ಲಿ ಫೋಟೋಗ್ರಾಫರ್ ಆಗಿದ್ದೆ. ಕೆಳಗೆ ನಮ್ಮೂರ ಕಡೆಯವರದಲ್ಲ, ಉಡುಪಿಯವರ ಹೋಟೆಲು, ಮೇಲೆ ನಾವು. ಮದುವೆ, ಮುಂಜಿ, ಪಾಸ್‌ಪೋರ್ಟ್ ಸೈಜು ನಮ್ಮ ಕೆಲಸವಲ್ಲ. ಹಳೆಯ ಕಟ್ಟಡ, ಕೋಟೆ, ಬಂದರು, ಮೀನುಗಾರರ ಕೋಳಿವಾಡ, ಚಾಳು, ಚರ್ಚು, ಗುಡಿ, ಇವೆಲ್ಲ ಬೀಳುವ ಮೊದಲು, ಬದಲಾಗುವ ಮೊದಲು ಹೇಗಿದ್ದವು ಎಂದು ತೆಗೆದಿಡುವುದು ನಮ್ಮ ಕೆಲಸ. ಎಂಜಿನಿಯರುಗಳು, ಇತಿಹಾಸದ ಪುಸ್ತಕ ಬರೆಯುವವರು, ಕೋರ್ಟಿಗೆ ಹೋಗುವವರು ಬಂದು ಪ್ರಿಂಟು ಒಯ್ಯುತ್ತಿದ್ದರು. ಕಳೆದ ವರ್ಷ ನಿವೃತ್ತನಾದೆ. ಕಚೇರಿಯನ್ನು ಈಗ ನಡೆಸುವ ಹುಡುಗಿ, ನಮ್ಮ ಸಾಠೆ ಸರ್ ಮಗಳು, ಹೊಸದಾಗಿ ಸೇರುವವರಿಗಾಗಿ ಏನಾದರೂ ಬರೆದುಕೊಡಿ ಎಂದಿದ್ದಳು. ಏನು ಬರೆಯುವುದು ಎಂದು ತಿಂಗಳುಗಟ್ಟಲೆ ತಳ್ಳುತ್ತಾ ಬಂದೆ. ಇವತ್ತು ಬರೆಯಬಹುದು ಅನ್ನಿಸಿತು.

ನಾನು ವಿಜಯಪುರ ಜಿಲ್ಲೆಯವನು. ಮುಂಬಯಿಗೆ ಬಂದಾಗ ಇಪ್ಪತ್ತೆರಡು. ಊರಿನ ಸ್ಟುಡಿಯೋದಲ್ಲಿ ಎರಡು ವರ್ಷ ಕತ್ತಲೆ ಕೋಣೆಯ ಕೆಲಸ ಕಲಿತಿದ್ದೆ, ಅದೇ ಬಂಡವಾಳ. ಗುಮ್ಮಟ ಗೊತ್ತಿತ್ತು, ಸಮುದ್ರ ಗೊತ್ತಿರಲಿಲ್ಲ. ಸಾಠೆ ಸರ್ ಆಗ ಕೊಲಾಬಾದಿಂದ ವಸಯಿವರೆಗಿನ ಕರಾವಳಿಯನ್ನು ಒಂದೊಂದು ಕೋಸಿನಂತೆ ತೆಗೆಸುತ್ತಿದ್ದರು. ನನ್ನನ್ನು ಸೇರಿಸಿಕೊಂಡದ್ದೇ ಅದಕ್ಕೆ. ಮೊದಲ ದಿನ ಅವರು ನನಗೆ ಕೊಟ್ಟದ್ದು ಕ್ಯಾಮೆರಾ ಅಲ್ಲ. ಒಂದು ಕೋಲು, ಒಂದು ಪಾಟಿ. ಕೋಲಿಗೆ ಅಡಿಗೊಂದರಂತೆ ಕಪ್ಪು ಬಿಳಿ ಬಣ್ಣ. ಪಾಟಿ ಎಂದರೆ ಶಾಲೆಯ ಮಕ್ಕಳ ಸ್ಲೇಟೇ. ಯಾವ ಚಿತ್ರವಾದರೂ ಅದರೊಳಗೆ ಕೋಲು ನಿಂತಿರಬೇಕು, ಎಷ್ಟು ಎತ್ತರ ಎಂದು ತಿಳಿಯಲು. ಪಾಟಿಯ ಮೇಲೆ ಜಾಗದ ಹೆಸರು, ತಾರೀಖು ಇರಬೇಕು. ಚಿತ್ರದಲ್ಲಿ ಜನ ಬಂದರೆ ಅವರ ಹೆಸರು ಕೇಳಿ ಡೈರಿಯಲ್ಲಿ ಬರೆಯಬೇಕು. 'ಕೋಟೆಗೆ ಹೆಸರಿದೆ, ಅದರ ಮುಂದೆ ಕೂತವನಿಗೆ ಇಲ್ಲವೇ?' ಎನ್ನುತ್ತಿದ್ದರು.

ಮಾಹೀಮಿನ ದಂಡೆಯಲ್ಲಿ ನನ್ನ ಮೊದಲ ಪೆಟ್ಟು. ಬೆಳಗಿನ ಹೊತ್ತು ನೀರು ದೂರ ಸರಿದು ಕೆಸರು ಬಯಲಾಗಿತ್ತು. ಕೋಲನ್ನು ಒಯ್ದು ಕೆಸರಿನಲ್ಲಿ ನೆಟ್ಟು, ಹಿಂದೆ ಬಂದು, ಬಿಸಿಲು ಏರಲಿ ಎಂದು ಚಹಾ ಕುಡಿಯಲು ಕೂತೆ. ಎರಡು ಚಹಾ ಆಯಿತು. ಎದ್ದು ನೋಡಿದರೆ ಕೋಲಿನ ತುದಿ ಮಾತ್ರ ಕಾಣುತ್ತಿದೆ, ನೋಡನೋಡುತ್ತ ಅದೂ ಹೋಯಿತು. ಸಮುದ್ರ ದಿನಕ್ಕೆರಡು ಸಲ ಬಂದು ಹೋಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ನಮ್ಮ ಊರಿನ ಕೆರೆ ಹಾಗೆ ಮಾಡುತ್ತಿರಲಿಲ್ಲ. ಬರಿಗೈಯಲ್ಲಿ ಹೋದಾಗ ಸಾಠೆ ಸರ್ ಬೈಯಲಿಲ್ಲ. ಒಂದು ಬಿದಿರು, ಎರಡು ಡಬ್ಬಿ ಬಣ್ಣ ತಂದಿಟ್ಟು ಹೊಸದನ್ನು ನನ್ನ ಕೈಯಿಂದಲೇ ಮಾಡಿಸಿದರು. ಆ ಕೋಲು ಈಗಲೂ ನನ್ನ ಹತ್ತಿರ ಇದೆ. ಮುಂದೆ ಸುನಂದಾಳನ್ನು ಮದುವೆಯಾದ ಮೇಲೆ ಈ ಕಥೆ ಹೇಳಿದೆ. ಅವಳು ಮಲ್ಪೆಯ ಕಡೆಯವಳು. 'ಎಂತ ಮಾರಾಯ್ರೆ, ಸಮುದ್ರಕ್ಕೂ ನಿಮ್ಮನ್ನು ಕಂಡ್ರೆ ತಮಾಷೆ' ಎಂದು ನಕ್ಕಳು.

ವರ್ಸೋವಾದಲ್ಲಿ ಇನ್ನೊಂದು. ಅಲ್ಲಿನ ಹಳೆಯ ಕೋಟೆಯ ಗೋಡೆ ಚೆನ್ನಾಗಿ ಕಾಣಲಿ ಎಂದು ಮುಂದೆ ಅಡ್ಡವಿದ್ದ, ಮೀನು ಒಣಹಾಕಿದ್ದ ಬಿದಿರಿನ ಗಳುವನ್ನು ಪಕ್ಕಕ್ಕೆ ಸರಿಸಿದೆ. ಒಬ್ಬಳು ಕೋಳಿಣಿ, ಮೀನುಗಾರರ ಹೆಂಗಸು, ಸೊಂಟಕ್ಕೆ ಕೈಯಿಟ್ಟು ಬಂದಳು. 'ತುಝ್ಯಾ ಬಾಪಾಚೀ ಭಿಂತ ಆಹೇ ಕಾ?' ನಿಮ್ಮಪ್ಪನ ಗೋಡೆಯೋ ಎಂದು ಕೇಳಿದಳು. ಗಳುವನ್ನು ಇದ್ದಲ್ಲಿ ಇಟ್ಟು ತೆಗೆದೆ. ಈಗ ಆ ಪ್ರಿಂಟನ್ನು ನೋಡುವವರು ಗೋಡೆಗಿಂತ ಮೀನನ್ನೇ ಮೊದಲು ನೋಡುತ್ತಾರೆ. ಇದ್ದುದನ್ನು ಇದ್ದ ಹಾಗೆ ಬಿಡಬೇಕು ಎಂದು ನನಗೆ ಕಲಿಸಿದವಳು ಅವಳು. ಅವಳ ಹೆಸರು ಕೇಳುವಷ್ಟು ಧೈರ್ಯ ಅವತ್ತು ಇರಲಿಲ್ಲ.

ಇನ್ನು ಖಾಡಿಯ ವಿಷಯ.

ಸೇರಿ ನಾಲ್ಕು ತಿಂಗಳಾಗಿರಬೇಕು. ಸಾಠೆ ಸರ್ ಒಂದು ಬೆಳಿಗ್ಗೆ ಗಡಿಬಿಡಿಯಲ್ಲಿದ್ದರು. ಜೋಗೇಶ್ವರಿಗೆ ಹೋಗು, ಖಾಡೀಚೇ ಫೋಟೋ ಘೇ, ಪೂರಾ ರೋಲ್ ಮುಗಿಸು ಎಂದರು. ಮರಾಠಿಯಲ್ಲಿ ಖಾಡಿ ಎಂದರೆ ಸಮುದ್ರದ ನೀರು ನೆಲದೊಳಕ್ಕೆ ನುಗ್ಗಿ ಬರುವ ಅಳಿವೆ. ಜೋಗೇಶ್ವರಿಯ ಪಶ್ಚಿಮಕ್ಕೆ ಅಂಥದ್ದೊಂದು ಇದೆ. ನನ್ನ ಕಿವಿಗೆ ಬಿದ್ದದ್ದು ಖಡಿ. ನಮ್ಮ ಕಡೆ ಖಡಿ ಎಂದರೆ ರಸ್ತೆಗೆ ಹಾಸುವ ಜಲ್ಲಿ. ನನಗೆ ಒಂದು ಚೂರೂ ಅನುಮಾನ ಬರಲಿಲ್ಲ. ಈ ಊರು ಸಮುದ್ರ ತುಂಬಿಸಿ ಕಟ್ಟಿದ್ದು ಎಂದು ಹಿಂದಿನ ವಾರವಷ್ಟೇ ಅವರು ಹೇಳಿದ್ದರು. ತುಂಬಿಸಿದ್ದು ಖಡಿಯಿಂದಲ್ಲವೇ, ಇತಿಹಾಸಕ್ಕೆ ಅದೂ ಬೇಕು ಎಂದುಕೊಂಡೆ. ಸ್ಟೇಷನ್ನಿನಲ್ಲಿ ಇಳಿದು 'ಖಡಿ ಕಿಧರ್ ಹೈ' ಎಂದು ಕೇಳಿದೆ. ಜನ ಪೂರ್ವಕ್ಕೆ, ಗುಡ್ಡದ ಕಡೆ ಕೈ ತೋರಿಸಿದರು.

ಗುಡ್ಡದ ಬುಡದಲ್ಲಿ ಕಲ್ಲು ಒಡೆಯುತ್ತಿದ್ದರು. ಮನೆಯೆತ್ತರದ ಖಡಿಯ ರಾಶಿ. ಹೆಂಗಸರು ಬುಟ್ಟಿಯಲ್ಲಿ ಹೊತ್ತು ಲಾರಿಗೆ ಸುರಿಯುತ್ತಿದ್ದರು. ಹತ್ತಿರ ಹೋದರೆ ಎಲ್ಲ ನಮ್ಮ ಮಾತು! ಇಂಡಿ, ಸಿಂದಗಿ ಕಡೆಯವರು. ನಾಲ್ಕು ತಿಂಗಳಿಂದ ಹಿಂದಿ ಮರಾಠಿಯಲ್ಲಿ ಉಸಿರುಗಟ್ಟಿದ್ದವನಿಗೆ ತಾಯಿ ಸಿಕ್ಕ ಹಾಗಾಯಿತು. ಹನ್ನೆರಡು ಚಿತ್ರದ ರೋಲು, ಹನ್ನೊಂದು ತೆಗೆದೆ. ಹನ್ನೆರಡನೆಯದಕ್ಕೆ ರಾಶಿಯ ಇಳಿಜಾರಿನಲ್ಲಿ ಪಾಟಿ ನಿಲ್ಲಲಿಲ್ಲ. ಪಕ್ಕದಲ್ಲಿ ಒಬ್ಬ ಹೆಂಗಸು ಮಗುವಿಗೆ ನೀರು ಕುಡಿಸುತ್ತಿದ್ದಳು, ನನಗಿಂತ ಎರಡು ಮೂರು ವರ್ಷ ದೊಡ್ಡವಳಿರಬಹುದು.

'ಅಕ್ಕಾ, ಒಂದ್ ಸ್ವಲ್ಪ ಈ ಪಾಟಿ ಹಿಡೀರಿ' ಎಂದೆ.

'ಯಾಕ? ನಾ ಏನ್ ಕಳುವು ಮಾಡೀನಿ? ಕಳ್ಳರ ಕೈಯಾಗ ಪಾಟಿ ಕೊಟ್ಟು ಫೋಟೋ ಹಿಡಿತಾರಂತಲ್ಲ, ಪೊಲೀಸ್ರು.'

'ಇಲ್ಲಕ್ಕಾ, ತಾರೀಖಿಗೆ. ನಿಮಗೊಂದು ಕಾಪಿ ತಂದುಕೊಡ್ತೀನಿ.'

'ಖರೇ?'

'ಖರೇನ.'

ಮಗುವನ್ನು ಒಂದು ಕಂಕುಳಲ್ಲಿ ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಪಾಟಿ ಹಿಡಿದು ನಿಂತಳು. ಪಕ್ಕದಲ್ಲಿ ನನ್ನ ಕೋಲು, ಹಿಂದೆ ಅವಳ ಗುಡಿಸಲು. ಅದರ ಹಿಂದೆ ಗುಡ್ಡದ ಕರಿ ಬಂಡೆ, ನಡುವೆ ಸೀಳಿಕೊಂಡದ್ದು. ಹೆಸರು ಕೇಳಿದೆ. ಯಲ್ಲವ್ವ. ಮನೆ? 'ಇದ ನೋಡಪಾ, ನಿನ್ನ ಮುಂದೇ ಐತಿ.' ಬರೆದುಕೊಂಡೆ.

ಮರುದಿನ ರೋಲು ತೊಳೆದು, ಹನ್ನೆರಡೂ ಒಂದೇ ಹಾಳೆಯಲ್ಲಿ ಬರುವ ಪ್ರಿಂಟನ್ನು ಸಾಠೆ ಸರ್ ಮುಂದಿಟ್ಟೆ. ಅವರು ಭೂತಗನ್ನಡಿ ಹಿಡಿದು ಮೊದಲಿನಿಂದ ಕೊನೆಯವರೆಗೆ ನೋಡಿದರು. ಮತ್ತೆ ಮೊದಲಿನಿಂದ ನೋಡಿದರು. ನೀರಿಗಾಗಿ ಹುಡುಕುತ್ತಿದ್ದರು ಪಾಪ.

'ಶಿವಾ, ಹೇ ಕಾಯ್?' ಏನಿದು ಎಂದು ನನ್ನನ್ನು ಕೇಳಿದರು.

'ಖಡಿ, ಸರ್.'

'ಅರೇ, ಖಾಡೀ ಸಾಂಗಿತಲೀ ಹೋತೀ ರೇ! ಖಡೀ ನಾಹೀ!'

ಆ ದಿನ ಕೆಳಗಿನ ಹೋಟೆಲಿನ ಗಲ್ಲಾದವರೆಗೂ ಸುದ್ದಿ ಹೋಯಿತು. ನಾನು ಊಟಕ್ಕೆ ಹೋದರೆ 'ಬನ್ನಿ ಬನ್ನಿ, ಅನ್ನದಲ್ಲಿ ಖಡಿ ಇಲ್ಲ, ಆರಿಸಿದ್ದೇವೆ' ಎಂದು ಬಡಿಸುವವರು ಕೂಡ ಅಂದರು. ವರ್ಷಗಟ್ಟಲೆ ಅಂದರು.

ನಮ್ಮ ಕಚೇರಿಯಲ್ಲಿ ಒಂದು ತಗಡಿನ ಪೆಟ್ಟಿಗೆ ಇತ್ತು. ಅದರ ಮೇಲೆ 'ಚೂಕ' ಎಂದು ಸಾಠೆ ಸರ್ ಕೈಬರಹ. ತಪ್ಪು ಎಂದರ್ಥ. ನಮ್ಮ ಕಡೆ ಚೂಕಿ ಅನ್ನುತ್ತೇವಲ್ಲ, ಅದೇ. ಯಾವ ತಪ್ಪು ಚಿತ್ರವನ್ನೂ ಬಿಸಾಡುವಂತಿಲ್ಲ. ನೆಗೆಟಿವನ್ನು ಲಕೋಟೆಯಲ್ಲಿಟ್ಟು, ಏನು ತಪ್ಪಾಯಿತು, ಯಾರಿಂದ, ಯಾವಾಗ, ಚಿತ್ರದಲ್ಲಿ ನಿಜವಾಗಿ ಏನಿದೆ, ಯಾರಿದ್ದಾರೆ ಎಂದು ತಪ್ಪು ಮಾಡಿದವನೇ ಒಂದು ಚೀಟಿ ಬರೆದು ಸಹಿ ಹಾಕಬೇಕು. ಕೆಳಗೆ ಸರ್ ಸಹಿ. ಆಮೇಲೆ ಲಕೋಟೆಗೆ ಚುಚ್ಚಿ ಪೆಟ್ಟಿಗೆಗೆ. ನಾನು ನನ್ನ ಮುರುಕು ಮರಾಠಿಯಲ್ಲಿ ಬರೆದೆ. ಬರೆಯುವಾಗ ಕಿವಿ ಬಿಸಿಯಾಗಿತ್ತು. ಯಲ್ಲವ್ವನಿಗೆ ಕಾಪಿ ಹಾಕಬೇಕೆಂದರೆ ಪೆಟ್ಟಿಗೆ ತೆರೆದು ಆ ನೆಗೆಟಿವನ್ನೇ ಎಲ್ಲರೆದುರು ತೆಗೆಯಬೇಕು, ಮತ್ತೆ ನಗು. ಇನ್ನೊಂದು ವಾರ ಹೋಗಲಿ ಎಂದುಕೊಂಡೆ. ಹೋಗಲಿಲ್ಲ, ಕೊಡಲಿಲ್ಲ. ಅಲ್ಲಿಂದ ಅರ್ಧ ಗಂಟೆ ದೂರದಲ್ಲಿ ಮನೆ ಮಾಡಿ ಇಪ್ಪತ್ತೆಂಟು ವರ್ಷವಾದರೂ ಆ ಗುಡ್ಡದ ಕಡೆ ಹೋಗಲಿಲ್ಲ. ಹೊಸದಾಗಿ ಬರುವವರೇ, ಕಾಪಿ ಕೊಡುತ್ತೇನೆ ಎಂದು ಸುಮ್ಮನೆ ಹೇಳಬೇಡಿ. ನಿಮಗೆ ಮರೆಯುತ್ತದೆ, ಅವರಿಗೆ ಮರೆಯುವುದಿಲ್ಲ.

ನಡುವಿನ ವರ್ಷಗಳಲ್ಲಿ ಕೆಲಸದ ರೀತಿಯೇ ಬದಲಾಯಿತು. ರೋಲು ಹೋಯಿತು, ಕತ್ತಲೆ ಕೋಣೆಯಲ್ಲಿ ಈಗ ನೀರಿನ ಕ್ಯಾನು ಇಡುತ್ತಾರೆ. ತಾರೀಖನ್ನು ಕ್ಯಾಮೆರಾವೇ ಬರೆದುಕೊಳ್ಳುತ್ತದೆ, ಪಾಟಿ ಯಾಕೆ ಎಂದು ಹುಡುಗರು ನಗುತ್ತಾರೆ. ಒಮ್ಮೆ ಬ್ಯಾಟರಿ ಬದಲಿಸಿದವರು ಕ್ಯಾಮೆರಾದ ಗಡಿಯಾರ ಸರಿ ಮಾಡಲಿಲ್ಲ. ವಸಯಿ ಕೋಟೆಯ ಒಂದು ತಿಂಗಳ ಚಿತ್ರಗಳೆಲ್ಲ ಆ ಕ್ಯಾಮೆರಾ ಹುಟ್ಟುವುದಕ್ಕೂ ಮೊದಲಿನ ವರ್ಷ ಹೊತ್ತುಕೊಂಡು ಬಂದವು. ಅವತ್ತು ಯಾರೂ ನಗಲಿಲ್ಲ. ನನಗೆ ಅದಕ್ಕಿಂತ ಹೆಚ್ಚು ಚಿಂತೆ ಬೇರೆಯದು. ಈಗ ತಪ್ಪಾದ ಚಿತ್ರವನ್ನು ನಿಂತಲ್ಲೇ ಅಳಿಸಿಬಿಡುತ್ತಾರೆ. ಹೆಬ್ಬೆರಳು ಒತ್ತಿದರೆ ಆಯಿತು. ಚೂಕ ಪೆಟ್ಟಿಗೆಗೆ ಹತ್ತು ಹದಿನೈದು ವರ್ಷದಿಂದ ಒಂದು ಲಕೋಟೆಯೂ ಬಿದ್ದಿಲ್ಲ. ಯಾರೂ ತಪ್ಪು ಮಾಡುತ್ತಿಲ್ಲವೇನೋ.

ಈಗ ಇಪ್ಪತ್ತು ದಿನದ ಹಿಂದಿನ ಮಾತು. ನಾನು ಬಿ.ಪಿ. ಗುಳಿಗೆ ತರುವ ಔಷಧಿ ಅಂಗಡಿಯಲ್ಲಿ ಹೊಸ ಹುಡುಗಿ, ಇಪ್ಪತ್ತರ ಹತ್ತಿರದವಳು. ನಾನು ಸುನಂದಾಳ ಜೊತೆ ಫೋನಿನಲ್ಲಿ ಮಾತಾಡುವುದನ್ನು ಕೇಳಿ, 'ಅಂಕಲ್, ನೀವು ಕನ್ನಡ? ನಾನ್ ಭೀ ಕನ್ನಡ. ಸಮಝ್ ತೋ ಆಗ್ತದೆ, ಬೋಲ್ನಾ ಥೋಡಾ ಕಮ್' ಎಂದಳು. ಅವಳೇ ಪೂಜಾ. ಬಂದುಹೋದಾಗ ಮಾತು ಬೆಳೆಯಿತು. ಅವಳಿಗೆ ತಾಯಿಯಿಲ್ಲ, ಅಜ್ಜಿಯ ಜೊತೆ ಗುಡ್ಡದ ಬುಡದ ಬಸ್ತಿಯಲ್ಲಿ ಇದ್ದಾಳೆ. ಬಸ್ತಿ ಒಡೆದು ಬಿಲ್ಡಿಂಗ್ ಕಟ್ಟುತ್ತಾರೆ. ಒಂದು ಗಡುವಿನ ವರ್ಷ ಇದೆ, ಅದಕ್ಕೂ ಮೊದಲಿಂದ ಅಲ್ಲಿ ಇದ್ದವರಿಗೆ ಮಾತ್ರ ಅದರಲ್ಲಿ ಖೋಲಿ. ಅಜ್ಜಿಯ ಹಳೆಯ ಕಾಗದಗಳೆಲ್ಲ ಒಂದು ಮಳೆಗಾಲ ಮನೆಯೊಳಗೆ ನೀರು ನುಗ್ಗಿದಾಗ ಮುದ್ದೆಯಾದವು. ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಮರಾಠಿಯಲ್ಲಿ 'ಅಪಾತ್ರ' ಎಂದು ಬಂದಿದೆ, ಅರ್ಹಳಲ್ಲ ಎಂದು. ಒಂದೇ ಒಂದು ವಿಚಾರಣೆ ಉಳಿದಿದೆ.

'ಅಜ್ಜಿ ಏನೇನೋ ಹೇಳ್ತಾಳೆ ಅಂಕಲ್. ಯಾರೋ ಒಬ್ಬ ನಮ್ಮ ಊರವ ಅವಳ ಫೋಟೋ ಹಿಡಿದಿದ್ನಂತೆ, ಹಾಥ್ ಮೇ ಸ್ಲೇಟ್ ದೇಕೆ, ಚೋರ್ ಜೈಸಾ. ಅದು ಇದ್ರೆ ಪ್ರೂಫ್ ಆಗ್ತಿತ್ತು ಅಂತ. ಕಾಪಿ ಕೊಡ್ತೀನಿ ಅಂತ ಹೇಳಿ ಭಾಗ್ ಗಯಾ.'

ಗುಳಿಗೆಯ ಚೀಟಿ ನನ್ನ ಕೈಯಲ್ಲೇ ಉಳಿಯಿತು. ನಾನೇ ಅವನು ಎಂದು ಅಲ್ಲೇ ಹೇಳಲಿಲ್ಲ. ಮನೆಗೆ ಬಂದು ಸುನಂದಾಳಿಗೆ ಹೇಳಿದೆ. 'ನೀವಾ? ಅಯ್ಯೋ ದೇವರೇ, ಊಟ ಆಮೇಲೆ, ಮೊದಲು ಹೋಗಿ ಹೇಳಿ ಬನ್ನಿ' ಎಂದಳು.

ಹೋದೆ. ಯಲ್ಲವ್ವ ಬಾಗಿಲಲ್ಲಿ ಕೂತು ಮೆಂತೆ ಸೊಪ್ಪು ಬಿಡಿಸುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗೆ. ನಾನು ಹೆಸರು ಹೇಳಿ, ಪಾಟಿ ಎಂದೆ. ಸೊಪ್ಪನ್ನು ಬದಿಗಿಟ್ಟಳು.

'ಬಂದ್ಯಾ ತಮ್ಮಾ?' ಎಂದಳು. 'ಕಾಪಿ ತಂದೀಯೇನು?'

ಬೈದಿದ್ದರೆ ಹಗುರವಾಗುತ್ತಿತ್ತು.

ಚೂಕ ಪೆಟ್ಟಿಗೆ ಗ್ರಾಂಟ್ ರೋಡಿನ ಕಚೇರಿಯ ಅಟ್ಟದ ಮೇಲೆ ಇತ್ತು. ಸಾಠೆ ಸರ್ ತೀರಿಕೊಂಡ ಮೇಲೆ ಯಾರೂ ಮುಟ್ಟಿರಲಿಲ್ಲ. ಎರಡು ದಿನ ಅಲ್ಲಿ ಕೂತು ಹುಡುಕಿದೆ. ಲಕೋಟೆ ಸಿಕ್ಕಿತು. ಚುಚ್ಚಿದ್ದ ಪಿನ್ನು ತುಕ್ಕು ಹಿಡಿದು ಮುರಿದು, ಚೀಟಿ ಇರಲಿಲ್ಲ. ನೆಗೆಟಿವ್ ಮಾತ್ರ. ಪ್ರಿಂಟ್ ಹಾಕಿಸಿಕೊಂಡು ಯಲ್ಲವ್ವನ ಮನೆಗೆ ಒಯ್ದೆ. ಮೂವರೂ ನೆಲದ ಮೇಲೆ ಇಟ್ಟು ನೋಡಿದೆವು.

ಯಲ್ಲವ್ವ ಪಾಟಿಯನ್ನು ತಲೆಕೆಳಗಾಗಿ ಹಿಡಿದಿದ್ದಳು. ಅಕ್ಷರ ಬಾರದವಳ ಕೈಗೆ ಕೊಟ್ಟವನು ನಾನು, ಕ್ಯಾಮೆರಾದಲ್ಲಿ ನೋಡಿಯೂ ಗಮನಿಸದವನೂ ನಾನೇ. ಅದು ದೊಡ್ಡದಲ್ಲ, ಚಿತ್ರ ತಿರುಗಿಸಿದರೆ ಓದಬಹುದು. ಜಾಗದ ಹೆಸರಿದೆ, ದಿನ ಇದೆ, ತಿಂಗಳು ಇದೆ. ವರ್ಷವನ್ನು ಎರಡೇ ಅಂಕಿಯಲ್ಲಿ ಬರೆಯುತ್ತಿದ್ದೆವು. ಆ ಎರಡು ಅಂಕಿಯ ಮೇಲೆ ಸರಿಯಾಗಿ ಅವಳ ಹೆಬ್ಬೆರಳು.

ಪೂಜಾ ಫೋನ್ ತೆಗೆದಳು. 'ಅಂಕಲ್, ದೋ ನಂಬರ್ ತೋ ಹೈ. ಅಂಗೂಠಾ ಹಟಾಕೆ ನಂಬರ್ ಹಾಕ್ತೀನಿ. ಐದು ಮಿನಿಟ್. ಸುಳ್ಳು ಅಲ್ವಲ್ಲ, ಸಚ್ ಹೀ ತೋ ಹೈ.'

ನಾನು ಬೇಡ ಅನ್ನಲಿಲ್ಲ. ಇದನ್ನು ಮರೆಮಾಚದೆ ಬರೆಯಬೇಕು. ಹಿಂದೆ ಒಮ್ಮೆ ಪಾಟಿ ಇಡಲು ಮರೆತು ಪ್ರಿಂಟಿನ ಮೇಲೆ ತಾರೀಖು ಬರೆದುಕೊಟ್ಟಾಗ ಸಾಠೆ ಸರ್ ಅದನ್ನು ನನ್ನೆದುರೇ ಹರಿದಿದ್ದರು. ಅದು ನೆನಪಿತ್ತು. ಆದರೂ ನನ್ನ ತಪ್ಪಿಗೆ ಈ ಮುದುಕಿ ಯಾಕೆ ಬೀದಿಗೆ ಬೀಳಬೇಕು ಎಂದು ಸುಮ್ಮನೆ ಕೂತೆ. ಬೇಡ ಅಂದವಳು ಯಲ್ಲವ್ವ.

'ಏ, ಮುಟ್ಟಬ್ಯಾಡ ಅದನ್ನ. ಆ ಹೆಬ್ಬೆಟ್ಟು ನಂದೈತಿ. ರೇಶನ್ನಿಗೆ, ವೋಟಿಗೆ, ನಿಮ್ಮವ್ವನ ದವಾಖಾನಿ ಕಾಗದಕ್ಕ ಅದನ್ನ ಒತ್ತೀನಿ. ಅದನ್ನ ತಗದ್ರ ನಂದಂತ ಏನ್ ಉಳೀತೈತಿ ಅದರಾಗ?'

ಪೂಜಾ ಫೋನನ್ನು ಚೀಲಕ್ಕೆ ಹಾಕಿದಳು. ಆಮೇಲೆ ಪ್ರಿಂಟನ್ನು ಮೆಲ್ಲಗೆ ನೆಟ್ಟಗೆ ತಿರುಗಿಸಿ, ಕಂಕುಳಲ್ಲಿದ್ದ ಮಗುವಿನ ಮೇಲೆ ಬೆರಳಿಟ್ಟು, 'ಮಮ್ಮಿ?' ಎಂದಳು. ಯಲ್ಲವ್ವ ಹೂಂ ಎಂದಳು. ಮೆಂತೆ ಸೊಪ್ಪನ್ನು ಮುಂದಕ್ಕೆಳೆದುಕೊಂಡು ಬಿಡಿಸತೊಡಗಿದಳು.

ಮರುದಿನ ಮತ್ತೆ ಅಟ್ಟ ಹತ್ತಿದೆ. ಈ ಸಲ ಲಕೋಟೆ ಹುಡುಕಲಿಲ್ಲ. ಪೆಟ್ಟಿಗೆಯನ್ನೇ ಇಳಿಸಿ ನೆಲದ ಮೇಲೆ ಪೂರ್ತಿ ಬೋರಲು ಹಾಕಿದೆ. ತುಕ್ಕುಪುಡಿ, ಸತ್ತ ಜಿರಳೆ, ಮುರಿದ ಪಿನ್ನುಗಳು, ಪಿನ್ನು ಕಳಚಿಕೊಂಡ ಹತ್ತಾರು ಚೀಟಿಗಳು. ಒಂದೊಂದೇ ಓದಿದೆ. ಎಷ್ಟು ಜನರ ತಪ್ಪು! ಸಾಠೆ ಸರ್ ತಾವೇ ಬರೆದುಕೊಂಡವೂ ನಾಲ್ಕಿದ್ದವು. ಮಧ್ಯಾಹ್ನ ಮೂರಕ್ಕೆ ನನ್ನದು ಸಿಕ್ಕಿತು. ರೋಲಿನ ನಂಬರು, ಪೂರ್ತಿ ತಾರೀಖು, ವರ್ಷ ಸಮೇತ. ಗಡುವಿಗಿಂತ ಎಷ್ಟೋ ಮೊದಲಿನದು. ಜೊತೆಗೆ ಕಚೇರಿಯ ರೋಲು ನೋಂದಣಿ ಪುಸ್ತಕವನ್ನೂ ಸಾಠೆ ಸರ್ ಮಗಳ ಒಪ್ಪಿಗೆ ಪಡೆದು ಚೀಲಕ್ಕೆ ಹಾಕಿಕೊಂಡೆ.

ಇನ್ನೊಂದು ಕೆಲಸ ಬಾಕಿ ಇತ್ತು. ಆ ಗುಡಿಸಲೇ ಈ ಮನೆ ಎಂದು ತೋರಿಸಬೇಕಲ್ಲ. ಅದಕ್ಕೇ ಇವತ್ತು ಬೆಳಿಗ್ಗೆ ಏಳಕ್ಕೆ ಹೋದದ್ದು. ಹಳೆಯ ಪ್ರಿಂಟು ಕೈಯಲ್ಲಿ ಹಿಡಿದು ಹಿಂದೆ ಮುಂದೆ ಸರಿದು, ಬಂಡೆಯ ಸೀಳು ಅದೇ ಜಾಗಕ್ಕೆ ಬರುವವರೆಗೆ ಹುಡುಕಿದೆ. ಒಂದು ಸಾರ್ವಜನಿಕ ನಲ್ಲಿಯ ಕಟ್ಟೆಯ ಮೇಲೆ ನಿಂತರೆ ಸರಿಯಾಯಿತು. ನೀರು ಹಿಡಿಯುವ ಹೆಂಗಸರು ಬೈದರು, ಐದು ನಿಮಿಷ ಕೊಟ್ಟರು. ಕೋಲು ನಿಲ್ಲಿಸಿದೆ. ಯಲ್ಲವ್ವ ತನ್ನ ಬಾಗಿಲ ಮುಂದೆ ಪಾಟಿ ಹಿಡಿದು ನಿಂತಳು.

'ಈ ಸಲ ನೆಟ್ಟಗ ಹಿಡಿದೀನಿಲ್ಲೋ?' ಎಂದು ಮೂರು ಸಲ ಕೇಳಿದಳು. ಪೂಜಾ ಹೋಗಿ ಹೆಬ್ಬೆರಳನ್ನು ಅಂಚಿಗೆ ಸರಿಸಿದಳು.

ಬಾಂದ್ರಾದ ಕಚೇರಿಯಲ್ಲಿ ಒಂದೂಕಾಲು ಗಂಟೆ ಕಾದೆವು. ಅಧಿಕಾರಿ ಮೂವತ್ತೈದರ ಆಸುಪಾಸಿನ ಹೆಂಗಸು, ಮರಾಠಿಯವರು, ಮೇಜಿನ ಮೇಲೆ ಕಡತದ ರಾಶಿ. ಹಳೆಯ ಚಿತ್ರವನ್ನು ನೋಡಿದರು, ತಾರೀಖು ಓದಲು ತಿರುಗಿಸಿದರು, ಮತ್ತೆ ಮುಖ ನೋಡಲು ತಿರುಗಿಸಿದರು.

'ಮಾವಶೀ, ಹ್ಯಾ ತುಮ್ಹೀಚ ಕಾ?'

'ನಾನ ರೀ ಬಾಯಿ. ಆವಾಗ ಹಲ್ಲಿದ್ದೂವು' ಎಂದಳು ಯಲ್ಲವ್ವ. ಪೂಜಾ ಮರಾಠಿಯಲ್ಲಿ ಹೇಳಿದಳು.

ಎರಡೂ ಚಿತ್ರ ಪಕ್ಕಪಕ್ಕ ಇಟ್ಟು ಬಂಡೆಯ ಸೀಳನ್ನೂ ಕೋಲನ್ನೂ ತೋರಿಸಿದೆ. ಅದೇ ಕೋಲು, ಅದೇ ಸೀಳು, ಅದೇ ಎತ್ತರ. ಒಪ್ಪಿದರು. 'ವರ್ಷ?' ಎಂದು ಕೇಳಿದರು. ಚೀಟಿ ಕೊಟ್ಟೆ. ಅವರು ಗಟ್ಟಿಯಾಗಿ ಓದತೊಡಗಿದರು. ಕೋಣೆಯಲ್ಲಿ ಹತ್ತು ಹದಿನೈದು ಜನ ಇದ್ದರು. ನನ್ನ ಆಗಿನ ಮರಾಠಿಯನ್ನು ಕನ್ನಡದಲ್ಲಿ ಹೇಳಿದರೆ ಹೀಗೆ: 'ಸರ್ ಖಾಡಿ ಹೇಳಿದರು. ನಾನು ಖಡಿ ತಿಳಿದೆನು. ಒಂದು ರೋಲು ಪೂರ್ತಿ ವ್ಯರ್ಥ ಮಾಡಿದೆನು. ತಪ್ಪು ನನ್ನದು. ಹನ್ನೆರಡನೇ ಚಿತ್ರದಲ್ಲಿ ಪಾಟಿ ಹಿಡಿದವಳು ಯಲ್ಲವ್ವ, ಖಡಿ ಹೊರುವವಳು, ಹಿಂದೆ ಕಾಣುವ ಗುಡಿಸಲು ಅವಳದೇ.' ಓದುತ್ತ ಓದುತ್ತ ಅವರ ತುಟಿ ಬಿಗಿಯಾಯಿತು. ಆಮೇಲೆ ತಡೆಯಲಾಗದೆ ನಕ್ಕರು. ಪಕ್ಕದ ಗುಮಾಸ್ತನೂ ನಕ್ಕ. ಮೂವತ್ತೈದು ವರ್ಷದ ಮೇಲೆ ಮತ್ತೆ ಅದೇ ನಗು. ಈ ಸಲ ಕಿವಿ ಬಿಸಿಯಾಗಲಿಲ್ಲ.

'ಇದು ನಿನ್ನೆ ಬರೆದದ್ದಲ್ಲ ಎಂದು ಹೇಗೆ ನಂಬಲಿ?' ಎಂದು ಕೇಳಿದರು, ನಗು ನಿಲ್ಲಿಸಿ. ನೋಂದಣಿ ಪುಸ್ತಕ ತೆರೆದೆ. ಹಿಂದಿನ ರೋಲು ಮಾಹೀಮು, ಮುಂದಿನ ರೋಲು ಖಾಡಿ. ಮರುದಿನವೇ ಸಾಠೆ ಸರ್ ನನ್ನನ್ನು ಮತ್ತೆ ಖಾಡಿಗೆ ಓಡಿಸಿದ್ದರು. ನಡುವೆ ನನ್ನ ರೋಲು, ಅದರ ಮುಂದೆ ಸಾಠೆ ಸರ್ ಕೆಂಪು ಶಾಯಿಯಲ್ಲಿ 'ಚೂಕ'. ಅಧಿಕಾರಿ ಪುಟ ಹಿಂದೆ ಮುಂದೆ ತಿರುವಿದರು. ಕೊನೆಗೆ ಗುಮಾಸ್ತನ ಕಡೆ ನೋಡಿ ಮರಾಠಿಯಲ್ಲಿ ಅಂದರು: 'ತನ್ನ ಮಾನ ತಾನೇ ಕಳೆದುಕೊಳ್ಳುವ ಸುಳ್ಳನ್ನು ಯಾರಾದರೂ ಬರೆಯುತ್ತಾರೇನು?'

ಪಟ್ಟಿ ತರಿಸಿದರು. ಯಲ್ಲವ್ವನ ಹೆಸರಿನ ಮುಂದೆ ಇದ್ದ ಅಪಾತ್ರದಲ್ಲಿ ಮೊದಲಿನ ಅ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸಹಿ ಮಾಡಿ, ಮುದ್ರೆ ಒತ್ತಿಸಿದರು. ಯಲ್ಲವ್ವನ ಹೆಬ್ಬೆಟ್ಟು ಕೇಳಿದರು. ಒತ್ತಿದಳು.

'ಏನಾತೋ ತಮ್ಮಾ?'

'ಪಾತ್ರ ಆದ್ರಿ ಅಕ್ಕಾ. ಒಂದ್ ಅಕ್ಷರ ಹೊಡದ್ರು.'

'ಬರೇ ಒಂದ?' ಎಂದಳು. ಮೆಟ್ಟಿಲಿಳಿಯುವಾಗ ಮತ್ತೊಮ್ಮೆ, ತನ್ನಷ್ಟಕ್ಕೆ, 'ಒಂದ ಅಕ್ಷರಕ್ಕ ಎಷ್ಟ ಹೆದರಿಸಿದ್ರವ್ವಾ' ಎಂದಳು. ಲೋಕಲಿನಲ್ಲಿ ಕೂತ ಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು ಎಂದು ಪೂಜಾ ಆಮೇಲೆ ಹೇಳಿದಳು. ಅವರು ಹೆಂಗಸರ ಡಬ್ಬಿಯಲ್ಲಿದ್ದರು.

ಜೋಗೇಶ್ವರಿಯಲ್ಲಿ ಇಳಿದು ನಮ್ಮ ಮನೆಗೇ ಕರೆದುಕೊಂಡು ಬಂದೆ. ಸುನಂದಾ ಬಾಲವಾಡಿಯಿಂದ ಬಂದು ಕಾವಲಿ ಇಟ್ಟಾಗಿತ್ತು. ನಾನು ಕಪಾಟಿನಿಂದ ಲಕೋಟೆ ತೆಗೆದೆ. ಕೋರ್ಟು ಕಚೇರಿಗೆಂದು ಹಾಕಿಸಿದ ಪ್ರಿಂಟಲ್ಲ. ಬೇರೆಯೇ, ದೊಡ್ಡದಾಗಿ, ಅಂಚು ಬಿಟ್ಟು ಹಾಕಿಸಿದ್ದು. ಹಿಂದೆ ತಾರೀಖು ಬರೆಯಲಿಲ್ಲ, ಹೆಸರು ಮಾತ್ರ ಬರೆದೆ: ಯಲ್ಲವ್ವ, ಮಗಳು ರೇಣುಕಾ. ಮಗುವಿನ ಹೆಸರನ್ನು ಅವತ್ತು ಕೇಳಿರಲಿಲ್ಲ. ಮೊನ್ನೆ ಕೇಳಿಕೊಂಡೆ.

'ಕಾಪಿ, ಅಕ್ಕಾ' ಎಂದೆ.

ಯಲ್ಲವ್ವ ಎರಡೂ ಕೈಯಲ್ಲಿ ತೆಗೆದುಕೊಂಡಳು. ಪಾಟಿಯ ಕಡೆ ನೋಡಲೇ ಇಲ್ಲ.

ಊಟಕ್ಕೆ ನೀರುದೋಸೆ, ಕಾಯಿ ಚಟ್ನಿ, ಬೆಳಗಿನ ಬದನೆಕಾಯಿ ಪಲ್ಯ. ಯಲ್ಲವ್ವ ದೋಸೆಯನ್ನು ಬೆಳಕಿಗೆ ಹಿಡಿದು, 'ಇದೇನವ್ವಾ, ಇದರಾಗಿಂದ ಆಚಿ ಮನಿ ಕಾಣತೈತಿ' ಎಂದಳು. ಸುನಂದಾ 'ತಿನ್ನಿ ಅಕ್ಕ, ಹತ್ತು ತಿಂದ್ರೆ ನಿಮ್ಮ ಒಂದು ರೊಟ್ಟಿಗೆ ಸಮ' ಎಂದು ಬಡಿಸುತ್ತಲೇ ಹೋದಳು. ಒಂಬತ್ತು ತಿಂದಳು. ಪೂಜಾ ಐದು ತಿಂದು ಔಷಧಿ ಅಂಗಡಿಗೆ ಅರ್ಧ ದಿನದ ಕೆಲಸಕ್ಕೆ ಓಡಿದಳು. ಪಾತ್ರೆ ನಾನು ತೊಳೆದೆ. ಮೂರೂಕಾಲಿಗೆ ಬಂದು ನೋಡಿದಾಗ ಯಲ್ಲವ್ವ ಗೋಡೆ ಬದಿಗೆ ಚಾಪೆಯ ಮೇಲೆ, ಮೊದಲಿಗೆ ನಿದ್ದೆ ಹೋದವಳು ಅವಳೇ. ಸುನಂದಾ ಫ್ಯಾನು ಒಂದು ಹಂತ ಕಡಿಮೆ ಮಾಡಿ ತಾನೂ ಮಲಗಿದಳು. ನಾನು ಕೂತು ಇದನ್ನು ಬರೆದೆ.